ಕಡಲ್ಗುದುರೆಯ ತುತ್ತು

ಬಳಗಾನೂರಿಗೂ ಕಡಲಿಗೂ ಬಹು ದೂರ. ಸಿಂಧನೂರು-ಮಸ್ಕಿಯ ಈ ಸೀಮೆಗೆ ತುಂಗಭದ್ರೆಯ ಎಡದಂಡೆ ಕಾಲುವೆ ಬತ್ತವನ್ನು ತಂದಿತು. ನೀರು ಬಸಿಯದೆ ನಿಂತಲ್ಲಿ ಸವಳನ್ನೂ ತಂದಿತು. ಉಪ್ಪು ಮೇಲೆದ್ದ ಹೊಲವನ್ನು ಕಂಡ ರೈತನ ಎದೆ ಧಸಕ್ಕೆನ್ನುವುದು ಸಹಜ. ಆದರೆ ಉಪ್ಪುನೀರಿನಲ್ಲಿಯೇ ಕಣ್ದೆರೆಯುವ ಒಂದು ಜೀವಿಯುಂಟು. ಗಾಜಿನ ತೊಟ್ಟಿಯಲ್ಲಿ ಅದನ್ನೇ ನಂಬಿ ಬದುಕುವ ಇನ್ನೊಂದೂ ಉಂಟು.

ಈ ಎರಡನೆಯದು ಕುಬ್ಜ ಕಡಲ್ಗುದುರೆ. ಫ್ಲಾರಿಡಾ, ಬಹಾಮಾ, ಮೆಕ್ಸಿಕೋ ಕೊಲ್ಲಿಯ ಕಡಲಹುಲ್ಲಿನಲ್ಲಿ ವಾಸಿಸುವ, ಉದ್ದ ಎರಡೂವರೆ ಸೆಂಟಿಮೀಟರಿನಷ್ಟೇ ಇರುವ ಮೀನು. ಅದಕ್ಕೆ ಹಲ್ಲಿಲ್ಲ, ಜಠರವೂ ಇಲ್ಲ. ತಿಂದುದು ಕರುಳಿನಲ್ಲಿ ನಿಲ್ಲದೆ ಸಾಗಿಹೋಗುವುದರಿಂದ ಹಗಲೆಲ್ಲ ಮೇಯುತ್ತಿರಬೇಕು. ಚಲಿಸದ ವಸ್ತುವನ್ನು ಅದು ಸಾಮಾನ್ಯವಾಗಿ ಆಹಾರವೆಂದೇ ಎಣಿಸುವುದಿಲ್ಲ. ನೋಡಲು ಸೋಮಾರಿ, ಬೇಟೆಯಲ್ಲಿ ನಿಪುಣ. ಅದರ ತಲೆಯ ಆಕಾರ ಮೂತಿಯ ಮುಂದಿನ ನೀರನ್ನು ಕದಡುವುದಿಲ್ಲವೆಂದೂ, ಶಾಂತ ನೀರಿನಲ್ಲಿ ನೂರಕ್ಕೆ ತೊಂಬತ್ತು ಬಾರಿ ಗುರಿ ತಪ್ಪದೆಂದೂ 2013ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಇಂಥದಕ್ಕೆ ದಿನಕ್ಕೆರಡು ಸಲವಾದರೂ ಜೀವಂತ ತುತ್ತು ಒದಗಿಸುವುದು ಹೇಗೆ? ಆರ್ಟೀಮಿಯಾ ಎಂಬ ಪುಟ್ಟ ಉಪ್ಪುಸೀಗಡಿಯಿಂದ. ರಾಜಸ್ಥಾನದ ಸಾಂಭರ ಸರೋವರದಲ್ಲಿಯೂ ತೂತ್ತುಕುಡಿಯ ಉಪ್ಪಿನ ಮಡಿಗಳಲ್ಲಿಯೂ ಅದು ಕಂಡುಬಂದಿದೆ. ಅದರ ಮೊಟ್ಟೆಗಳು ಒಣಗಿ ಧೂಳಿನಂತಾಗಿಯೂ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಲೀಟರು ನೀರಿಗೆ 25ರಿಂದ 35 ಗ್ರಾಂ ಉಪ್ಪು, 28 ಡಿಗ್ರಿಯಷ್ಟು ಬೆಚ್ಚಗೆ, ಬೆಳಕು, ಕೊಳವೆಯಿಂದ ಗುಳುಗುಳಿಸುವ ಗಾಳಿ—ಇಷ್ಟಾದರೆ ಒಂದು ಹಗಲುರಾತ್ರಿಯಲ್ಲಿ ಕಿತ್ತಳೆ ಬಣ್ಣದ ಮರಿಗಳು ಹೊರಡುತ್ತವೆ. ಗಾಳಿ ನಿಲ್ಲಿಸಿ ಜಾಡಿಯ ಒಂದು ಬದಿಗೆ ದೀಪವಿಟ್ಟರೆ ಅವು ಅತ್ತ ನೆರೆಯುತ್ತವೆ. ಅಲ್ಲಿಂದ ಹೀರಿ, ಸಿಪ್ಪೆ ಬರದಂತೆ ಸೋಸಿ ಕೊಡಬೇಕು. ಸಿಪ್ಪೆ ಕಡಲ್ಗುದುರೆಗೆ ಅರಗದು.

ಇಲ್ಲಿಯೇ ಸೂಕ್ಷ್ಮವಿರುವುದು. ಆಗ ತಾನೇ ಹುಟ್ಟಿದ ಮರಿ ಏನನ್ನೂ ತಿನ್ನದು. ಒಡಲಲ್ಲಿ ತಂದ ಬಂಡಾರದಿಂದಲೇ ಬದುಕುತ್ತದೆ. ಹೊತ್ತು ಕಳೆದಂತೆ ಅದು ಕರಗಿ, ತುತ್ತು ಸಪ್ಪೆಯಾಗುತ್ತದೆ. ಆದುದರಿಂದ ಮನೆಯಾಕೆ ದಿನವೂ ಹಾಲಿಗೆ ಹೆಪ್ಪು ಹಾಕುವಂತೆ ದಿನವೂ ಹೊಸ ಜಾಡಿ ಹೂಡಬೇಕು. ಕೆರೆಯ ನೀರುಚಿಗಟ ಸಾಲದೇ ಎಂದು ಯಾರಾದರೂ ಕೇಳಿಯಾರು. ಸಾಲದು, ಸಿಹಿನೀರಿನ ಆ ಜೀವಿ ಕಡಲನೀರಿನಲ್ಲಿ ಬೇಗ ಸತ್ತು ತೊಟ್ಟಿಯನ್ನೇ ಕೆಡಿಸುತ್ತದೆ. ಇಷ್ಟು ವ್ಯವಧಾನವಿಲ್ಲದವರು ಈ ಮೀನನ್ನು ಸಾಕದಿರುವುದೇ ಲೇಸು. ನಮ್ಮ ಕರಾವಳಿಯ ಕಡಲ್ಗುದುರೆಗಳನ್ನಂತೂ ಹಿಡಿದು ತರುವಂತಿಲ್ಲ. 2001ರಲ್ಲಿಯೇ ಅವು ವನ್ಯಜೀವಿ ಕಾಯಿದೆಯ ರಕ್ಷಣೆಗೆ ಸೇರಿವೆ.

ಕುಬ್ಜ ಕಡಲ್ಗುದುರೆಗಳಲ್ಲಿ ಬಸಿರು ಹೊರುವುದು ಗಂಡು. ಹತ್ತು ಹನ್ನೆರಡು ದಿನ ಚೀಲದಲ್ಲಿ ಕಾಪಾಡಿ, ಹೊರಬಿಟ್ಟ ಮೇಲೆ ಅದು ಮರಿಗಳತ್ತ ತಿರುಗಿಯೂ ನೋಡದು. ಅವು ಮೊದಲ ದಿನದಿಂದಲೇ ತಾವೇ ಬೇಟೆಯಾಡುತ್ತವೆ. ಆ ಹೊತ್ತಿಗೆ ಜಾಡಿಯಲ್ಲಿ ಮೊಟ್ಟೆಯೊಡೆದಿರಬೇಕು.