ಮನಿ ನಾಯಿ ಹಲ್ಲಿಗೂ ಸೂಜಿ ಬೇಕು!

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ಈ ಐದೂರಿನ ಯಾವ ಓಣಿ ಹೊಕ್ಕರೂ ಒಬ್ಬ ರಾಜಾ, ಒಬ್ಬ ಮೋತಿ, ಒಬ್ಬ ಟೈಗರ್ ಸಿಕ್ಕೇ ಸಿಗುತ್ತಾನೆ. ರೇಷನ್ ಕಾರ್ಡಿನಲ್ಲಿ ಹೆಸರಿಲ್ಲ ಅನ್ನುವುದೊಂದು ಬಿಟ್ಟರೆ ಉಳಿದದ್ದಕ್ಕೆಲ್ಲ ಮನೆಯ ಮಗನೇ. ಮುಂಜಾನೆ ತಟ್ಟಿದ ಜೋಳದ ರೊಟ್ಟಿಯಲ್ಲಿ ಅವನಿಗೊಂದು ಪಾಲು. ಅಂಗಡಿಯ ಶಟರ್ ಎತ್ತುವ ಹೊತ್ತಿಗೆ ಸಾಹುಕಾರರಿಗಿಂತ ಮೊದಲು ಅವನೇ ಕಟ್ಟೆಯ ಮೇಲೆ ಹಾಜರು. ಯಜಮಾನನ ಬೆನ್ನು ಹತ್ತಿ ಬಸ್‌ಸ್ಟ್ಯಾಂಡಿನ ತನಕ ಬಂದು, ಬಸ್ಸು ಹೊಂಟ ಮೇಲೆಯೇ ಮನಿ ಕಡೆ ಮುಖ ಮಾಡುವ ನಾಯಿಗಳೂ ಉಂಟು.

ಇಂಥ ನಾಯಿಯ ಹಲ್ಲು ಒಂದಿನ ಮನೆಯ ಕೂಸಿನ ಕೈಗೆ ತಾಗಿತು ಅನ್ರಿ. ಆಗ ಬರುವ ಮಾತು ಒಂದೇ: ‘ನಮ್ದೇ ನಾಯಿ ರೀ, ಆಟ ಆಡ್ಕೋತ ಕಡದಾದ, ಏನೂ ಆಗಂಗಿಲ್ಲ.’ ಒಂದು ಚಿಟಿಕೆ ಅರಿಷಿಣ ಒತ್ತಿದರೆ ಮುಗೀತು. ಬೀದಿನಾಯಿ ಕಚ್ಚಿದರೆ ಆಸ್ಪತ್ರೆಗೆ ಓಡುವ ಮಂದಿಯೇ ಸಾಕಿದ ನಾಯಿ ಕಚ್ಚಿದರೆ ಮನೆಯೊಳಗಿನ ಜಗಳ ಮುಚ್ಚಿದ ಹಾಗೆ ಮುಚ್ಚಿಬಿಡುತ್ತಾರೆ. ಪ್ರೀತಿಯ ನಾಯಿ ಜೀವ ತೆಗೆಯುವ ದಾರಿ ಇರುವುದು ಇಲ್ಲಿಯೇ.

ಯಾಕಂದ್ರ, ನಮ್ಮ ಕಡೆ ಮನೆನಾಯಿ ಅಂದರೆ ಅರ್ಧ ಮನೆಯದು, ಅರ್ಧ ಬೀದಿಯದು. ಬೆಂಗಳೂರಿನ ಫ್ಲಾಟಿನ ನಾಯಿಯ ಹಾಗೆ ಸರಪಳಿ, ಸೋಫಾ ಇದಕ್ಕಿಲ್ಲ. ಹಗಲೆಲ್ಲ ಫರ್ಸಿಯ ತಂಪಿಗೆ ಹೊಟ್ಟೆ ಹಚ್ಚಿ ಮಲಗುತ್ತದೆ. ಕತ್ತಲಾದರೆ ಖಟಿಕರ ಅಂಗಡಿ, ಸಂತೆ ಬಯಲು, ಪಾಳುಬಿದ್ದ ಕಲ್ಲಿನ ಗಣಿ ಎಲ್ಲ ಸುತ್ತುತ್ತದೆ. ಚಿಂಚೋಳಿ ಕಡೆಯ ತಾಂಡಾಗಳ ನಾಯಿಗಳಿಗೆ ಕಾಡೇ ಹಿತ್ತಲು. ಅಲ್ಲಿ 2011ರಲ್ಲಿ ವನ್ಯಜೀವಿಧಾಮ ಘೋಷಣೆಯಾಗಿದೆ. ತೋಳ, ನರಿಗಳಿರುವ ಕಾಡು ಅದು. ರಾತ್ರಿ ಯಾರ ಜೊತೆ ಕಚ್ಚಾಡಿ ಬಂತು ಅಂತ ನಾಯಿ ಮುಂಜಾನೆ ಎದ್ದು ವರದಿ ಒಪ್ಪಿಸುವುದಿಲ್ಲ!

ಹಾಗಂತ ನಾಯಿಪ್ರೀತಿ ಈ ನೆಲಕ್ಕೆ ಹೊಸದೂ ಅಲ್ಲ, ಹಗುರವೂ ಅಲ್ಲ. ಸೇಡಂ ತಾಲೂಕಿನ ಮಳಖೇಡ, ಕಾಗಿಣಾ ದಂಡೆಯ ಅದೇ ಮಳಖೇಡ, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿಂದ ಆಳಿದ ಮೂರನೆಯ ಕೃಷ್ಣನಿಗೆ ಕನ್ನರದೇವ ಅಂತಲೂ ಹೆಸರು. ಕ್ರಿ.ಶ. 949ರಲ್ಲಿ ತಕ್ಕೋಲದಲ್ಲಿ ಚೋಳರ ಮೇಲೆ ಇವನ ಯುದ್ಧ ನಡೆಯಿತು. ಇವನ ಕಡೆಯ ಗಂಗ ಅರಸ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ. ಬೂತುಗನ ಆಳು ಮಣಲೇರ ಆ ಕಾಳಗದಲ್ಲಿ ಮೆಚ್ಚುವಂತೆ ಕಾದಿದ. ‘ಏನು ಬೇಕು ಕೇಳು’ ಅಂದಾಗ ಮಣಲೇರ ಬಂಗಾರ ಕೇಳಲಿಲ್ಲ. ಕೇಳಿದ್ದು ಅರಸನ ಬೇಟೆನಾಯಿಯನ್ನು. ಹೆಸರು ಕಾಳಿ. ಮುಂದೆ ಆ ಕಾಳಿ ಗುಡ್ಡದಲ್ಲಿ ದೊಡ್ಡ ಹಂದಿಯೊಂದಕ್ಕೆ ಎದುರುಬಿದ್ದು, ಎರಡೂ ಸತ್ತವು. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ನಾಯಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆ ಮಾಡದೆ ಉಣ್ಣಬಾರದು ಅಂತ ಗೊರವನಿಗೆ ಕಟ್ಟುಮಾಡಿದರು. ಹಂದಿ ನಾಯಿ ಕಾದುವ ಚಿತ್ರವಿರುವ ಆ ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಜಿಯಮ್ಮಿನಲ್ಲಿದೆ. ಕಲ್ಲಿನ ಊರಿನವರು ಆ ಕಡೆ ಹೋದಾಗ ಒಮ್ಮೆ ನೋಡಿ ಬರಬೇಕು.

ಕಾಳಿಯ ಕಾಲದಲ್ಲಿ ಇಲ್ಲದ ಔಷಧ ಇವತ್ತು ಇದೆ. 1885ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಹುಚ್ಚುನಾಯಿ ಕಡಿದ 9 ವರ್ಷದ ಹುಡುಗನಿಗೆ ಲಸಿಕೆ ಕೊಟ್ಟು ಉಳಿಸಿದರು. ಅದಾಗಿ 140 ವರ್ಷ ದಾಟಿದೆ. ಆದರೂ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ಹುಚ್ಚುನಾಯಿ ರೋಗಕ್ಕೆ ಸಾಯುತ್ತಾರೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದ ಅಂದಾಜು. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ನಮ್ಮ ದೇಶದ್ದೇ. ಸಂಶಯದ ಪ್ರಾಣಿಯಿಂದ ಕಡಿಸಿಕೊಂಡವರಲ್ಲಿ ಹತ್ತಕ್ಕೆ ನಾಲ್ಕು 15 ವರ್ಷದೊಳಗಿನ ಮಕ್ಕಳು. ಮಕ್ಕಳು ಬೈಗಳಿಗೆ ಹೆದರಿ ಹೇಳುವುದಿಲ್ಲ, ದೊಡ್ಡವರು ಕೇಳುವುದಿಲ್ಲ.

ಈ ರೋಗದ ಕಪಟ ನೋಡಿ. ಗಾಯ ಮಾಯುತ್ತದೆ, ಎಲ್ಲರೂ ಮರೆಯುತ್ತಾರೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು, ಅಪರೂಪಕ್ಕೆ ವರ್ಷ ಕಳೆದ ಮೇಲೂ, ಜ್ವರ ಬಂದು ನೀರು ಕಂಡರೆ ಗಂಟಲು ಹಿಡಿಯುತ್ತದೆ. ಅಲ್ಲಿಗೆ ಬಂದ ಮೇಲೆ ಯಾವ ದೊಡ್ಡ ಡಾಕ್ಟರನ ಕೈಲೂ ಏನೂ ಇಲ್ಲ. ಅದಕ್ಕೇ ಕೆಲಸವೆಲ್ಲ ಕಡಿದ ದಿನವೇ ಆಗಬೇಕು. ನಳದ ಕೆಳಗೆ ಗಾಯ ಹಿಡಿದು ಸೋಪು ಹಚ್ಚಿ 15 ನಿಮಿಷ ತೊಳೀಬೇಕು. ಮೈ ತೊಳೆಯುವ ಸೋಪಾದರೂ ನಡೀತದ, ಬಟ್ಟೆ ಸೋಪಾದರೂ ನಡೀತದ. ಖಾರಪುಡಿ, ಸುಣ್ಣ, ಅರಿಷಿಣ, ಕಾಫಿಪುಡಿ ಬ್ಯಾಡ್ರಿ. ಆಮೇಲೆ ನೆಟ್ಟಗೆ ಸರ್ಕಾರಿ ಆಸ್ಪತ್ರೆ. ಅಲ್ಲಿ ಈ ಲಸಿಕೆಗೆ ದುಡ್ಡಿಲ್ಲ. ಮೊದಲ ದಿನ, 3, 7 ಮತ್ತು 28ನೇ ದಿನ ತೋಳಿಗೆ ಸೂಜಿ. ರಕ್ತ ಬಂದಿದ್ದರೆ ಗಾಯದ ಸುತ್ತಲೂ ಬೇರೊಂದು ಔಷಧ ಕೊಡುತ್ತಾರೆ.

‘ಹೊಕ್ಕಳ ಸುತ್ತ 14 ಸೂಜಿ’ ಅನ್ನುವ ಅಂಜಿಕೆ ಹಳೇ ಮಂದಿಗೆ ಇನ್ನೂ ಹೋಗಿಲ್ಲ. ಅದು ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಹಳೆಯ ಲಸಿಕೆ. ದೇಶದಲ್ಲಿ ಅದು 2004ರ ಕೊನೆಗೇ ನಿಂತುಹೋಯಿತು.

ಕಡಿದ ನಾಯಿ ಮನೆಯದಾದರೆ ಹತ್ತು ದಿನ ಕಟ್ಟಿ ನೋಡಬೇಕು. ಸೂಜಿ ಮಾತ್ರ ಮೊದಲ ದಿನವೇ ಶುರು. ಹತ್ತು ದಿನ ನಾಯಿ ಗಟ್ಟಿಮುಟ್ಟಾಗಿದ್ದರೆ ಮುಂದಿನದನ್ನು ಡಾಕ್ಟರು ಹೇಳುತ್ತಾರೆ. ನಾಯಿ ಸತ್ತೇಹೋದರೆ ಅಥವಾ ಕಾಣೆಯಾದರೆ ಒಂದು ಸೂಜಿಯೂ ತಪ್ಪಕೂಡದು. ಮರಿ ಅಂತ ಸಸಾರ ಬೇಡ, ಮರಿಯ ಹಲ್ಲಿಗೂ ಅದೇ ವಿಷ. ಬೆಕ್ಕಿನ ಪರಚಿಗೂ ಅದೇ ಲೆಕ್ಕ. (ಗಿಳಿ ಸಾಕಿದವರಿಗೆ ಈ ಭಯವಿಲ್ಲ. ಆದರೆ ನಮ್ಮ ನಾಡಿನ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ಅದು ಬೇರೆ ಭಯ!)

ಇನ್ನೊಂದು ಹೊಸ ಶೋಕಿ ಬಂದಿದೆ. ಮೊಬೈಲಿನಲ್ಲಿ ನೋಡಿ ಹಿಮದ ನಾಡಿನ ಉದ್ದ ಕೂದಲಿನ ನಾಯಿಗೆ ಸಾವಿರಾರು ರೂಪಾಯಿ ಸುರಿಯುವುದು. ಬೇಸಿಗೆಗೆ 42, 43 ಡಿಗ್ರಿ ಸುಡುವ ಈ ಸೀಮೆಯಲ್ಲಿ ಆ ಜೀವ ನಾಲಿಗೆ ಚಾಚಿ ತೇಕುವುದು ನೋಡಲಿಕ್ಕಾಗದು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಮ್ಮ ಓಣಿಯ ಸಣ್ಣ ಕೂದಲಿನ ಕೆಂಚ ಈ ಬಿಸಿಲಿಗೇ ಹುಟ್ಟಿದವನು. ಒಂದು ಕಲ್ಲಿನ ಬಾನಿಯಲ್ಲಿ ನೀರು, ಬಾಗಿಲ ನೆರಳು ಕೊಟ್ಟರೆ ಅವನಿಗೆ ಸಾಕು.

ಕೊರಳಿಗೆ ಒಂದು ಪಟ್ಟಿ ಮಾತ್ರ ಈಗ ಬೇಕೇ ಬೇಕು. ಶಾಲೆ, ಆಸ್ಪತ್ರೆ, ಬಸ್‌ಸ್ಟ್ಯಾಂಡ್, ರೈಲ್ವೆ ಸ್ಟೇಷನ್ನುಗಳಿಂದ ಬೀದಿನಾಯಿ ತೆಗೆಯಬೇಕೆಂದು 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಆದೇಶ ಮಾಡಿತು. ಯಜಮಾನನ ಹಿಂದೆ ಸ್ಟ್ಯಾಂಡಿಗೆ ಬಂದ ರಾಜಾ ಮನೆಯವನೋ ಬೀದಿಯವನೋ ಅಂತ ಹಿಡಿಯಲು ಬಂದವನಿಗೆ ಹೆಂಗ ತಿಳೀಬೇಕು?

ಮರಿಗೆ ಮೂರು ತಿಂಗಳಾದಾಗ ಮೊದಲ ಸೂಜಿ, ಕೆಲ ವಾರ ಬಿಟ್ಟು ಇನ್ನೊಂದು, ಆಮೇಲೆ ವರ್ಷಕ್ಕೊಮ್ಮೆ. ದನದ ದವಾಖಾನೆಯಲ್ಲಿ ಕೇಳಿದರೆ ಹೇಳುತ್ತಾರೆ. ಸೆಪ್ಟೆಂಬರ್ 28, ರೇಬಿಸ್ ದಿನದ ಆಸುಪಾಸು, ಪುಕ್ಕಟೆ ಶಿಬಿರ ನಡೆಸುವುದೂ ಉಂಟು. ಅಂಗಡಿ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನವನ ಲೆಕ್ಕ, ಅಮವಾಸ್ಯೆ, ಬಡ್ಡಿ ಕಟ್ಟುವ ತಾರೀಖು ಎಲ್ಲಕ್ಕೂ ಗುರುತು ಹಾಕುತ್ತೇವೆ. ರಾಜಾನ ಸೂಜಿಗೂ ಅಲ್ಲೇ ಒಂದು ಮನೆಯ ಜಾಗ ಖಾಲಿ ಅದ.