ಅಡಿಗೆಮನೆಯ ಗಾಳಿಕೊಳವೆ

ಕಿಟಕಿಗೆ ಸಂಸ್ಕೃತದಲ್ಲಿ ವಾತಾಯನವೆಂದು ಹೆಸರು; ಗಾಳಿಯ ಸಂಚಾರಮಾರ್ಗವೆಂದು ಅದರ ಅರ್ಥ. ಗಾಳಿ ಬಂದರಷ್ಟೇ ಸಾಲದು, ಬಂದುದು ಹೊರಟೂ ಹೋಗಬೇಕೆಂಬುದನ್ನು ಈ ಹೆಸರಿಟ್ಟವರು ಅರಿತಿದ್ದರೆಂದು ನಮಗೆ ತೋರುತ್ತದೆ. ಹಳೆಯ ನಾಡಹಂಚಿನ ಮನೆಗಳಲ್ಲಿ ಒಲೆಯ ಹೊಗೆಯು ಹಂಚಿನ ಸಂದುಗಳಿಂದಲೂ ಬೆಳಕಿಂಡಿಯಿಂದಲೂ ಹೇಗೋ ಹೊರಬೀಳುತ್ತಿದ್ದಿತು. ಹೆಂಗಸರ ಕಣ್ಣನ್ನು ಕೆಂಪಾಗಿಸಿದ ಅನಂತರವೇ ಹೋಗುತ್ತಿದ್ದಿತೆಂಬುದು ಬೇರೆ ಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ವಿಭಾಗದವರು ತರುವಾಯ ರೂಪಿಸಿದ ಅಸ್ತ್ರ ಒಲೆಗೆ ಹೊಗೆಕೊಳವೆಯನ್ನು ಇಟ್ಟದ್ದು ಈ ಕಷ್ಟವನ್ನು ಕಂಡೇ.

ಈಗ ತಾರಸಿಯ ಮನೆ, ಅನಿಲದ ಒಲೆ. ತಾರಸಿಗೆ ಸಂದುಗಳಿಲ್ಲವಾದುದರಿಂದ ಒಲೆಯ ಮೇಲೆ ವಿದ್ಯುತ್ ಚಿಮಣಿಯನ್ನು ಹಾಕಿಸುವುದು ವಾಡಿಕೆಯಾಗಿದೆ. ಆದರೆ ಯಂತ್ರದ ಬೆಲೆಯನ್ನೂ ಹೊಳಪನ್ನೂ ಪರೀಕ್ಷಿಸುವ ಗೃಹಸ್ಥರು ಅದರ ಕೊಳವೆಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ಯಂತ್ರದ ಬಾಯಿ 6 ಅಂಗುಲವಿದ್ದರೆ ಕೊಳವೆಯೂ ಕೊನೆಯವರೆಗೆ 6 ಅಂಗುಲವೇ ಇರತಕ್ಕದ್ದು. ಗೋಡೆಯಲ್ಲಿ ಮೊದಲೇ 4 ಅಂಗುಲದ ರಂಧ್ರವಿದೆಯೆಂದು ಕೆಲಸಗಾರನು ಕೊಳವೆಯನ್ನು ಕಿರಿದುಮಾಡಿ ಸೇರಿಸುವುದುಂಟು. ಎರಡೇ ಅಂಗುಲವಲ್ಲವೆ ಎನ್ನಬಾರದು. ವೃತ್ತದ ಕ್ಷೇತ್ರಫಲವು ವ್ಯಾಸದ ವರ್ಗವನ್ನು ಅನುಸರಿಸುವುದರಿಂದ 36 ಭಾಗವಿದ್ದ ದಾರಿಯಲ್ಲಿ 16 ಭಾಗ ಮಾತ್ರ ಉಳಿಯಿತು. ಯಂತ್ರವು ಗದ್ದಲಮಾಡುತ್ತದೆ; ಒಗ್ಗರಣೆಯ ಘಾಟು ಮನೆಯಲ್ಲೇ ನಿಲ್ಲುತ್ತದೆ. ಬಾಗುಗಳು ಎಷ್ಟು ಕಡಮೆಯೋ ಅಷ್ಟು ಒಳ್ಳೆಯದು. ಸುಕ್ಕುಸುಕ್ಕಾದ ಅಲ್ಯುಮಿನಿಯಮ್ ಕೊಳವೆಯಾದರೆ ಪೂರ್ತಿ ಹಿಗ್ಗಿಸಿ, ಮಿಕ್ಕುದನ್ನು ಕತ್ತರಿಸಿಬಿಡಬೇಕು. ಕೊಳವೆಯ ಕೊನೆಯನ್ನು ಅಟ್ಟದೊಳಕ್ಕೆ ಬಿಟ್ಟಿರುವ ಮನೆಗಳನ್ನೂ ನಾವು ನೋಡಿದ್ದೇವೆ. ಎಣ್ಣೆಜಿಡ್ಡು ಅಲ್ಲಿ ಶೇಖರವಾಗಿ ಬೆಂಕಿಗೆ ಆಹಾರವಾಗುವುದು. ಕೊನೆಯು ಬಯಲಿಗೇ ತೆರೆಯಬೇಕು, ಮಳೆನೀರು ಒಳಕ್ಕೆ ಹರಿಯದಂತೆ ಹೊರಕ್ಕೆ ತುಸು ಇಳಿಜಾರಿರಬೇಕು. ಬಾಯಿಗೆ ತಾನಾಗಿ ಮುಚ್ಚಿಕೊಳ್ಳುವ ಮುಚ್ಚಳವಿಲ್ಲದಿದ್ದರೆ ಪಾರಿವಾಳಗಳು ಅಲ್ಲಿ ಸಂಸಾರ ಹೂಡುತ್ತವೆ.

ಇಷ್ಟೆಲ್ಲ ಸರಿಯಾದರೂ ಪ್ರಾಣಕ್ಕೆ ಸಂಬಂಧಿಸಿದ ಸಂಗತಿಯೊಂದು ಉಳಿದಿದೆ. ಹೊರಗೆ ಹೋದಷ್ಟು ಗಾಳಿ ಒಳಗೆ ಬರಲೇಬೇಕು. ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿ ಚಿಮಣಿಯನ್ನು ನಡೆಯಿಸಿದರೆ ಅದು ಸಿಕ್ಕಿದ ದಾರಿಯಿಂದ ಗಾಳಿಯನ್ನು ಸೆಳೆಯುತ್ತದೆ. ಪಕ್ಕದ ಬಚ್ಚಲುಮನೆಯಲ್ಲಿ ಅನಿಲದ ಗೀಸರು ಉರಿಯುತ್ತಿದ್ದರೆ ಅದರ ಹೊಗೆಯೂ ಹೊರಗೆ ಹೋಗದೆ ಒಳಕ್ಕೆ ತಿರುಗಬಹುದು. ಅದರಲ್ಲಿ ಇರಬಹುದಾದ ಕಾರ್ಬನ್ ಮಾನಾಕ್ಸೈಡೆಂಬ ವಿಷವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತವು ಪ್ರಾಣವಾಯುವನ್ನು ಬಿಟ್ಟು ಅದನ್ನೇ ಹಿಡಿದುಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ಹೊರಗೆ ಬಾರದ ವಾರ್ತೆಗಳನ್ನು ವಾಚಕರೂ ಪತ್ರಿಕೆಗಳಲ್ಲಿ ಓದಿರಬಹುದು. ಅಂಥ ಗೀಸರನ್ನು ಬಚ್ಚಲುಮನೆಯ ಹೊರಗೆ, ಬಯಲುಗಾಳಿಯಲ್ಲಿ ಇರಿಸುವುದೇ ಯುಕ್ತ. ಅದರ ಹೊಗೆಕೊಳವೆಯನ್ನು ಚಿಮಣಿಯ ಕೊಳವೆಗೆ ಎಂದಿಗೂ ಸೇರಿಸಕೂಡದು.

ಚಿಮಣಿ ಹಾಕಿದ ದಿನವೇ ಒಂದು ಪರೀಕ್ಷೆಯನ್ನು ಮಾಡಬಹುದು. ಒಲೆಯನ್ನೂ ಗೀಸರನ್ನೂ ಹೊತ್ತಿಸದೆ, ಚಿಮಣಿಯನ್ನು ಮಾತ್ರ ನಡೆಯಿಸಿ, ಬಚ್ಚಲುಮನೆಯ ಬಾಗಿಲ ಸಂದಿನಲ್ಲಿ ಊದುಬತ್ತಿಯನ್ನು ಹಿಡಿಯಿರಿ. ಹೊಗೆಯು ಅಡಿಗೆಮನೆಯ ಕಡೆಗೆ ವಾಲಿದರೆ ನಡುಮನೆಯ ಕಿಟಕಿಯೊಂದನ್ನು ತೆರೆದು ಮತ್ತೆ ನೋಡಿರಿ. ಆಗಲೂ ವಾಲುತ್ತಿದ್ದರೆ ಚಿಮಣಿಯನ್ನೂ ಗೀಸರನ್ನೂ ಏಕಕಾಲದಲ್ಲಿ ನಡೆಯಿಸಬೇಡಿರಿ. ಕೊಳವೆ ಜೋಡಿಸಿದವನನ್ನು ಮರುದಿನವೇ ಕರೆಸಿರಿ.