ಒಂದು ಶೋಕಗೀತೆಯ ಭಾಷೆಯೂ ಉಪಮೆಗಳೂ

ನಮ್ಮ ಮೇಲ್ತರಗತಿಯ ಹುಡುಗಿಯರಿಗೆ ಬೇಂದ್ರೆಯವರ "ನೀ ಹೀಂಗ ನೋಡಬ್ಯಾಡ ನನ್ನ" ಎಂಬ ಕವಿತೆಯನ್ನು ಓದಿಸುತ್ತೇವೆಂದು ತಿಳಿದ ಪೋಷಕರೊಬ್ಬರು, ಮಗು ಸತ್ತ ಮನೆಯ ದುಃಖವನ್ನು ಎಳೆಯ ಮನಸ್ಸುಗಳ ಮುಂದೆ ಇಡುವದು ಯುಕ್ತವೇ ಎಂದು ನಮ್ಮನ್ನು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಕವಿತೆಯನ್ನೇ ಸ್ವಲ್ಪ ಬಿಡಿಸಿ ತೋರಿಸುವದರಿಂದ ಅದಕ್ಕೆ ಉತ್ತರ ಕೊಡಲು ಯತ್ನಿಸುತ್ತೇವೆ.

ಅಂಬಿಕಾತನಯದತ್ತ ಎಂಬ ಹೆಸರಿನಿಂದ ಬರೆದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು (1896–1981) ಧಾರವಾಡದವರು; ತಮ್ಮ ಮಕ್ಕಳಲ್ಲಿ ಹಲವರನ್ನು ಕಳೆದುಕೊಂಡ ತಂದೆ. ಈ ಕವಿತೆಯಲ್ಲಿ ಗಂಡನು ಹೆಂಡತಿಯೊಡನೆ ಮಾತಾಡುತ್ತಾನೆ. ಸತ್ತ ಮಗುವಿನ ವರ್ಣನೆ ಇದರಲ್ಲಿ ಎಲ್ಲಿಯೂ ಇಲ್ಲ. ಇರುವದೆಲ್ಲ ತಾಯಿಯ ಮೋರೆ, ಅದರಲ್ಲಿಯೂ ಆಕೆಯ ಕಣ್ಣು. ಆ ನೋಟವನ್ನು ತಾಳಲಾರದವನು ಆಡುವ ಮಾತೇ ಕವಿತೆಯಾಗಿದೆ.

ಭಾಷೆಯ ವಿಷಯ ಮೊದಲು. ಗ್ರಂಥದ ಕನ್ನಡದಲ್ಲಿ "ಹೀಗೆ ನೋಡಬೇಡ" ಎಂದರೆ ಆಜ್ಞೆಯಂತೆ ಕೇಳಿಸುವದು. "ಹೀಂಗ", "ಬ್ಯಾಡ" ಎಂದರೆ ದನಿ ತಾನಾಗಿಯೇ ನೀಳವಾಗಿ ಬೇಡಿಕೆಯಾಗುವದು. ಇದು ಸಿಂಧನೂರು, ಮಸ್ಕಿಗಳ ಮನೆಮಾತಿಗೂ ದೂರವಲ್ಲ. ಮನೆಯ ಮಾತು ಆಡಿದರೆ ತಿದ್ದುತ್ತ ಬಂದ ನಾವೇ ಈ ಪಾಠದ ದಿನ ತಿದ್ದುವದನ್ನು ಬಿಡಬೇಕಾಗುತ್ತದೆ!

ಉಪಮೆಗಳನ್ನು ಕವಿಯು ಹೊಲಮೇರೆಯಿಂದಲೂ ಮನೆಯಿಂದಲೂ ಆರಿಸಿಕೊಂಡಿದ್ದಾನೆ. ಮೊದಲು ಆ ಕಣ್ಣು ಇಬ್ಬನಿಯಲ್ಲಿ ತೊಳೆದ ಕವಳಿಹಣ್ಣಿನಂತೆ ಹೊಳೆಯುತ್ತಿತ್ತು. ಮುಳ್ಳುಕಂಟಿಯ ಈ ಕಪ್ಪು ಹಣ್ಣಿಗೆ ಬಿಳಿಯ ಹಾಲು ಮೆತ್ತಿಕೊಂಡಿರುವದುಂಟು. ಕಣ್ಣಿನ ಕಪ್ಪುಬಿಳುಪುಗಳೆರಡೂ ಒಂದೇ ಹಣ್ಣಿನಲ್ಲಿ ಸಿಕ್ಕಿದವು. ತುಟಿಯಾದರೋ ತಾಂಬೂಲವಿಲ್ಲದೆಯೇ ಕೆಂಪಾಗಿತ್ತು. ಈಗ ಬಣ್ಣ ಹಾರಿದೆ; ಸಾವು ಆಕೆಯ ಮುಖವನ್ನು ತನ್ನ ಕೈಯಿಂದ ಸವರಿ ಹೋಗಿದೆ. ಸತ್ತದ್ದು ಮಗು, ಸಾವಿನ ಕೈ ತಗಲಿದ್ದು ಬದುಕಿರುವ ತಾಯಿಗೆ, ಎಂಬುದನ್ನು ಹುಡುಗಿಯರು ಗಮನಿಸಬೇಕು.

ಇನ್ನೊಂದು ಚಿತ್ರ ಮದುವೆಯ ದಿನದ್ದು. (ನಮ್ಮ ಕ್ರೈಸ್ತ ಹುಡುಗಿಯರಿಗೆ ಧಾರೆಯೆರೆಯುವ ವಿಧಿಯನ್ನು ವಿವರಿಸಬೇಕಾಗುತ್ತದೆ, ಗೆಳತಿಯರೇ ಅದನ್ನು ನಮಗಿಂತ ಚೆನ್ನಾಗಿ ವಿವರಿಸುತ್ತಾರೆ.) ಧಾರೆಯ ನೀರಿನಲ್ಲಿ ನೆನೆದ ಕೈಯನ್ನು ತಂಪಾದದ್ದೆಂದು ಆಕೆ ಹಿಡಿದಳು. ಅದು ಬೂದಿ ಮುಚ್ಚಿದ ಕೆಂಡವೆಂದು ತಿಳಿದ ಮೇಲೆಯೂ ಬಿಡಲಿಲ್ಲ. ಗಂಡನು ತನ್ನನ್ನು ಕೆಂಡವೆಂದು ಕರೆದುಕೊಳ್ಳುವದರಲ್ಲಿ ಎಷ್ಟು ನಾಚಿಕೆ, ಎಷ್ಟು ಕೃತಜ್ಞತೆ!

ಎಲ್ಲಕ್ಕಿಂತ ಭಯಂಕರವಾದದ್ದು ಚಂದ್ರನ ಚಿತ್ರ. ಆಕೆಯ ಕಣ್ಣನ್ನು ಕಂಡವನಿಗೆ ಹುಣ್ಣಿಮೆಯ ಚಂದ್ರನೇ ಹೆಣವಾಗಿ ಹಗಲಿನ ಮುಗಿಲಲ್ಲಿ ತೇಲಿಬಂದಂತೆ ತೋರುತ್ತದೆ. ಹುಣ್ಣಿಮೆಯ ಚಂದ್ರ ಹಗಲಲ್ಲಿ ಕಾಣುವದು ಹೇಗೆಂದು ಒಬ್ಬ ಹುಡುಗಿ ಕೇಳಿದಳು. ಹುಣ್ಣಿಮೆಯ ಮರುದಿನ ಸೂರ್ಯನು ಹುಟ್ಟಿದ ಕೂಡಲೆ ಪಡುವಣದ ಕಡೆ ನೋಡೆಂದೆವು. ಕಾಲುವೆಯ ಆಚೆ ಬತ್ತದ ಗದ್ದೆಗಳ ಮೇಲೆ ನೆತ್ತರಿಲ್ಲದ ಆ ಬಿಳುಪನ್ನು ಕಂಡು ಬಂದವಳು ಮತ್ತೆ ಪ್ರಶ್ನೆ ಕೇಳಲಿಲ್ಲ.

ಕೊನೆಗೆ ಮಳೆಯ ಮಾತು. ಸುರಿಯಲು ಬಂದ ಮೋಡವನ್ನು ಗಾಳಿ ತಡೆದಂತೆ, ಆಕೆ ಹುಚ್ಚುನಗೆಯಿಂದ ಕಣ್ಣೀರನ್ನು ತಡೆಯುತ್ತಿದ್ದಾಳೆ. ನಗುವಿನಲ್ಲಿ ದುಃಖವನ್ನು ಮರೆಸಬೇಡ, ಅಳು ಎಂದು ಗಂಡನು ಬೇಡಿಕೊಳ್ಳುತ್ತಾನೆ. ಸಮಾಧಾನದ ಒಂದು ಮಾತನ್ನೂ ಹೇಳುವದಿಲ್ಲ.

ಆರ್.ಎಚ್. ಕ್ಯಾಂಪಿನ ಅನೇಕ ಮನೆಗಳಲ್ಲಿ ಬಂಗಾಳಿಯೇ ಮನೆಮಾತು. ಚಂದ್ರನ ಪ್ರಶ್ನೆ ಕೇಳಿದವಳು ಅಂಥ ಮನೆಯವಳು. ಆ ವರುಷ ಅವಳ ಎಳೆಯ ತಮ್ಮನು ತೀರಿಕೊಂಡಿದ್ದನು. ಪಾಠ ಮುಗಿದ ಕೆಲವು ದಿನಗಳಿಗೆ ಅವಳು ನಮ್ಮ ಕೋಣೆಗೆ ಬಂದು, "ಟೀಚರ್, ನಮ್ಮ ತಾಯಿಯೂ ಬಂದವರೆದುರಿಗೆ ನಗುತ್ತಲೇ ಇದ್ದರು" ಎಂದಳು. ಒಲೆಯ ಬಳಿ ಕುಳಿತು ಕವಿತೆಯ ಅರ್ಥವನ್ನು ತಾಯಿಗೆ ಬಂಗಾಳಿಯಲ್ಲಿ ಹೇಳಿದಳಂತೆ. ಅರ್ಧವಾಗುವಷ್ಟರಲ್ಲಿ ತಾಯಿ ಅತ್ತರು. ಮಿಕ್ಕದ್ದನ್ನು ಆ ದಿನ ಹೇಳಲಿಲ್ಲವೆಂದಳು.